ಆ ಟ್ಯೂಬಿನ ಹೆಸರು ಬರೆದುಕೊಂಡ ಸಹೋದರಿಗೆ

"ಟೀಚರ್, ನಿಮ್ಮ ಮುಖಕ್ಕೆ ಏನಾಗಿದೆ? ಬಿಸಿನೀರು ಬಿತ್ತಾ?"

ಮದ್ರಸದ ಮೂರನೆಯ ತರಗತಿಯ ಹುಡುಗಿಯೊಬ್ಬಳು ಎಲ್ಲರೆದುರು ಹೀಗೆ ಕೇಳಿಬಿಟ್ಟಳು. ಮನೆಯವರು, ನೆರೆಯವರು, ಜೊತೆಯ ಶಿಕ್ಷಕಿಯರು ಕಂಡೂ ಕಾಣದಂತೆ ಸುಮ್ಮನಿದ್ದ ವಿಷಯ ಅದು. ಮಕ್ಕಳಿಗೆ ಹಾಗೆ ಸುಮ್ಮನಿರಲು ಬರುವುದಿಲ್ಲ. "ಬಿಸಿಲು ಮಗಳೇ" ಎಂದು ಉತ್ತರಿಸಿ ಬೋರ್ಡಿನ ಕಡೆಗೆ ತಿರುಗಿದೆ. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸುವವಳು ಅಂದು ಹೇಳಿದ ಸುಳ್ಳು ಅದು. ನನ್ನ ಮುಖ ಕೆಂಪಾದದ್ದು ಬಿಸಿಲಿನಿಂದಲ್ಲ, ನಾನೇ ಪ್ರತಿ ರಾತ್ರಿ ಹಚ್ಚಿಕೊಂಡ ಒಂದು ಟ್ಯೂಬಿನಿಂದ. ಈಗ ನನಗೆ 46 ವರ್ಷ. ಅಂದು ಹೇಳದೆ ಉಳಿಸಿದ ನಿಜವನ್ನು ಇಂದು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ.

ಆಗ ನನಗೆ 39. ಮೂರನೆಯ ಹೆರಿಗೆಯ ನಂತರ ಎರಡೂ ಕೆನ್ನೆಗಳಲ್ಲಿ ಬಂಗು ಮೂಡಿತ್ತು. ಕಣ್ಣಿನ ಬದಿಯಲ್ಲಿ ಸಣ್ಣ ನೆರಿಗೆಗಳೂ ಕಾಣಿಸತೊಡಗಿದ್ದವು. ಬೆಳಿಗ್ಗೆ ಮದ್ರಸ, ಅದು ಮುಗಿದ ಕೂಡಲೇ ಶಾಲೆ, ಸಂಜೆ ಮನೆಗೆಲಸ. ಕನ್ನಡಿ ನೋಡಲು ಸಮಯವಿರಲಿಲ್ಲ. ಆದರೆ ನೋಡಿದವರು ಹೇಳದೆ ಬಿಡುತ್ತಾರೆಯೇ? "ಏನು ಇಷ್ಟು ಬೇಗ ಮುದುಕಿಯಾದೆ?" ಎಂದು ಬಂಧುವೊಬ್ಬರು ಮದುವೆ ಮನೆಯಲ್ಲಿ ನಗುತ್ತಾ ಕೇಳಿದರು. ನಾನೂ ನಕ್ಕೆ. ಮರುದಿನ ಔಷಧದ ಅಂಗಡಿಗೆ ಹೋಗಿ ಬಂಗಿಗೆ ಏನಾದರೂ ಕೊಡಿ ಎಂದೆ. ಅಂಗಡಿಯವರು ಏನನ್ನೂ ಕೇಳದೆ ಒಂದು ಟ್ಯೂಬ್ ಕೊಟ್ಟರು. ನಾನೂ ಏನನ್ನೂ ಕೇಳಲಿಲ್ಲ. ಬಿ.ಎ. ಓದಿದವಳು ಟ್ಯೂಬಿನ ಮೇಲಿದ್ದ ಸಣ್ಣ ಅಕ್ಷರಗಳನ್ನು ಓದಲಿಲ್ಲ.

ಮೂರು ವಾರಗಳಲ್ಲಿ ಮುಖ ತಿಳಿಯಾಯಿತು. ಬಂಗು ಮಾಸಿತು, ಚರ್ಮ ನುಣುಪಾಯಿತು. ಹೊಗಳಿದವರೆಲ್ಲ ಹೆಸರು ಕೇಳಿದರು. ನಾನು ಸಂತೋಷದಿಂದ ಕೊಟ್ಟೆ. ಒಟ್ಟು ಎಂಟು ಮಂದಿಗೆ ಕೊಟ್ಟಿದ್ದೆ. ಈ ಲೆಕ್ಕ ಹಾಕಿದ್ದು ಆಮೇಲೆ.

ಎಂಟು ತಿಂಗಳಾಗುವಾಗ ತೊಂದರೆ ಶುರುವಾಯಿತು. ಎರಡು ದಿನ ಹಚ್ಚದಿದ್ದರೆ ಮುಖ ಉರಿಯುತ್ತಿತ್ತು, ಕೆಂಪಾಗುತ್ತಿತ್ತು, ಸಣ್ಣ ಸಣ್ಣ ಮೊಡವೆಗಳು ಏಳುತ್ತಿದ್ದವು. ಹಚ್ಚಿದರೆ ತಣ್ಣಗಾಗುತ್ತಿತ್ತು. ಹಾಗಾಗಿ ಮತ್ತೆ ಹಚ್ಚುತ್ತಿದ್ದೆ. ಕೆನ್ನೆಯಲ್ಲಿ ಸಣ್ಣ ರೋಮ ಬೆಳೆಯಿತು, ಚರ್ಮದಡಿಯ ಕೆಂಪು ನರಗಳು ಎಳೆಎಳೆಯಾಗಿ ಕಂಡವು. ವುಝೂ ಮಾಡುವಾಗ ತಣ್ಣೀರು ತಾಗಿದರೂ ಉರಿ. ಆ ಹುಡುಗಿ ಪ್ರಶ್ನೆ ಕೇಳಿದ್ದು ಈ ದಿನಗಳಲ್ಲಿ. ಮರುವಾರವೇ ನಾನು ಮಂಗಳೂರಿನ ಚರ್ಮರೋಗ ತಜ್ಞೆಯೊಬ್ಬರ ಬಳಿಗೆ ಹೋದೆ.

ಅವರು ಟ್ಯೂಬನ್ನು ಕೈಗೆ ತೆಗೆದುಕೊಂಡು ನಾನು ಓದದ ಅಕ್ಷರಗಳನ್ನು ಓದಿ ಹೇಳಿದರು. ಅದರಲ್ಲಿ ಮೂರು ಔಷಧಗಳಿದ್ದವು. ಕಲೆ ಮಾಸಿಸುವ ಹೈಡ್ರೋಕ್ವಿನೋನ್, ಚರ್ಮದ ಮೇಲ್ಪದರವನ್ನು ಹೊಸದಾಗಿಸುವ ಟ್ರೆಟಿನಾಯಿನ್, ಮತ್ತು ಮೊಮೆಟಾಸೋನ್ ಎಂಬ ಸ್ಟೀರಾಯ್ಡ್. "ಇದು ಕೆಟ್ಟ ಔಷಧವಲ್ಲ. ಬಂಗಿಗೆ ನಾವೂ ಬರೆದುಕೊಡುತ್ತೇವೆ. ಆದರೆ ಕೆಲವು ವಾರಗಳಿಗೆ ಮಾತ್ರ, ನಮ್ಮ ಕಣ್ಣೆದುರು. ನೀವು ಇದನ್ನು ಕ್ರೀಮ್ ಎಂದುಕೊಂಡಿರಿ" ಎಂದರು. ಮುಖಕ್ಕೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ಹಚ್ಚಿದರೆ ಚರ್ಮ ತೆಳ್ಳಗಾಗುತ್ತದೆ, ಆಮೇಲೆ ಅದಿಲ್ಲದೆ ಇರಲಾಗದಂತೆ ಅದಕ್ಕೆ ಒಗ್ಗಿಹೋಗುತ್ತದೆ. ನಮ್ಮ ದೇಶದಲ್ಲಿ ಈ ತೊಂದರೆ ಎಷ್ಟು ಹರಡಿತ್ತೆಂದರೆ, 2018ರಲ್ಲಿ ಕೇಂದ್ರ ಸರಕಾರವು ಇಂತಹ 14 ಸ್ಟೀರಾಯ್ಡ್‌ಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ನನ್ನ ಮುಖ ಸರಿಹೋಗಲು ಸುಮಾರು ಒಂದು ವರ್ಷ ಹಿಡಿಯಿತು.

ಹೊರಡುವಾಗ ಅವರು ಕೇಳಿದರು: "ಮನೆಯಲ್ಲಿ ಬೇರೆ ಯಾರಾದರೂ ಇದನ್ನು ಹಚ್ಚುತ್ತಿದ್ದಾರೆಯೇ? ಗರ್ಭಿಣಿಯರು ಯಾರಾದರೂ?"

ನನ್ನ ಎದೆ ಧಸಕ್ಕೆಂದಿತು. ಆ ಎಂಟು ಮಂದಿಯಲ್ಲಿ ನನ್ನ ತಮ್ಮನ ಹೆಂಡತಿಯೂ ಇದ್ದಳು. ಅವಳಿಗೆ ಆಗ ಮೂರನೆಯ ತಿಂಗಳು.

ಟ್ರೆಟಿನಾಯಿನ್‌ನ ಕುಟುಂಬಕ್ಕೆ ಸೇರಿದ ಐಸೋಟ್ರೆಟಿನಾಯಿನ್ ಎಂಬ ಮೊಡವೆಯ ಮಾತ್ರೆಯನ್ನು ಗರ್ಭಿಣಿ ನುಂಗಿದರೆ ಶಿಶುವಿಗೆ ಗಂಭೀರ ಅಂಗದೋಷ ಬರಬಹುದು. ಹಚ್ಚುವ ಮುಲಾಮಿನಿಂದ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಆದರೂ ಗರ್ಭಿಣಿಯರು ಅದನ್ನು ಮುಟ್ಟಬಾರದೆಂದೇ ವೈದ್ಯರು ಹೇಳುತ್ತಾರೆ. ಹೈಡ್ರೋಕ್ವಿನೋನ್ ಅಂತೂ ಚರ್ಮದ ಮೂಲಕ ಸಾಕಷ್ಟು ಒಳಗಿಳಿಯುತ್ತದೆ. ಅಂದು ಬಸ್ಸಿಳಿದು ನಾನು ನೇರವಾಗಿ ತಮ್ಮನ ಮನೆಗೆ ಹೋದೆ. ಅವಳು ನನ್ನನ್ನು ಬೈಯಲಿಲ್ಲ. "ನೀವು ಕೆಟ್ಟದ್ದಕ್ಕೆ ಹೇಳಿದ್ದಲ್ಲವಲ್ಲ" ಎಂದಳು. ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮುಂದಿನ ಆರು ತಿಂಗಳು ನಾನು ನೆಮ್ಮದಿಯಿಂದ ನಿದ್ರಿಸಲಿಲ್ಲ. ಅಲ್‌ಹಮ್ದುಲಿಲ್ಲಾಹ್, ಮಗು ಆರೋಗ್ಯವಾಗಿ ಹುಟ್ಟಿತು. ಅವನನ್ನು ಎತ್ತಿಕೊಂಡಾಗಲೆಲ್ಲ ಈಗಲೂ ಒಮ್ಮೆ ಅವನ ಕೈಕಾಲುಗಳನ್ನು ನೋಡಿಕೊಳ್ಳುತ್ತೇನೆ.

ಸಹೋದರಿಯರೇ, ಸಲಹೆ ಎಂಬುದು ಒಂದು ಅಮಾನತ್ತು. ನಾನು ಅದನ್ನು ಸರಿಯಾಗಿ ನಿಭಾಯಿಸಲಿಲ್ಲ. ಉಳಿದವರ ಮನೆಗಳಿಗೂ ಹೋಗಿ ತಪ್ಪೊಪ್ಪಿಕೊಂಡೆ. ಅದರ ನಂತರ ವೈದ್ಯೆಯನ್ನು ಕೇಳಿ, ಪುಸ್ತಕಗಳನ್ನು ಓದಿ ನಾನು ತಿಳಿದುಕೊಂಡದ್ದು ಇಷ್ಟು: ಚರ್ಮಕ್ಕೆ ಒಂದೊಂದು ಪ್ರಾಯದಲ್ಲಿ ಒಂದೊಂದು ಬೇಡಿಕೆ ಇರುತ್ತದೆ. ಒಬ್ಬರ ಪ್ರಾಯಕ್ಕೆ ಸಲ್ಲುವ ಟ್ಯೂಬ್ ಇನ್ನೊಬ್ಬರ ಪ್ರಾಯಕ್ಕೆ ಸಲ್ಲಬೇಕೆಂದಿಲ್ಲ.

ಮೊದಲು ಇಪ್ಪತ್ತರ ಪ್ರಾಯ. ನನ್ನ ಮಗಳಿಗೆ ಈಗ 20. ಕಾಲೇಜಿನ ಗೆಳತಿಯರಿಂದ ಒಂದು ಪಟ್ಟಿ ತಂದಿದ್ದಳು. ರೆಟಿನಾಲ್, ವಿಟಮಿನ್ ಸಿ ಸೀರಮ್, ಎರಡು ಬಗೆಯ ಆಸಿಡ್, ಸುಕ್ಕು ತಡೆಯುವ ರಾತ್ರಿ ಕ್ರೀಮ್. ಇಲ್ಲದ ಸುಕ್ಕಿಗೆ ಅಷ್ಟೊಂದು ಬಾಟಲಿ! ಈ ವಯಸ್ಸಿನಲ್ಲಿ ಬೇಕಾದದ್ದು ಮೃದುವಾದ ಫೇಸ್‌ವಾಶ್, ಚರ್ಮ ಒಣಗುತ್ತಿದ್ದರೆ ಸಾದಾ ಮಾಯಿಶ್ಚರೈಸರ್ ಮತ್ತು ಹಗಲಲ್ಲಿ ಸನ್‌ಸ್ಕ್ರೀನ್. ಮೊಡವೆ ಹೆಚ್ಚಿದ್ದರೆ ವೈದ್ಯರು. ಅಡುಗೆಮನೆಯ ಲಿಂಬೆಹಣ್ಣನ್ನು ಮುಖಕ್ಕೆ ಉಜ್ಜುವುದೂ ಬೇಡ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಉಳಿಯುತ್ತದೆ.

"ನಾವು ಬುರ್ಖಾ ಹಾಕುತ್ತೇವಲ್ಲ ಉಮ್ಮಾ, ಬಿಸಿಲು ಎಲ್ಲಿ ತಾಗುತ್ತದೆ?" ಎಂದು ಅವಳು ಕೇಳಿದಳು. ಮುಖ ಮತ್ತು ಕೈ ತೆರೆದಿರುತ್ತವಲ್ಲ, ಬಂಗು ಬರುವುದೂ ಅಲ್ಲಿಯೇ. ಅವಳಿಗೆ ನಾನು ಅಮೆರಿಕದ ಒಬ್ಬ ಲಾರಿ ಚಾಲಕನ ಕತೆ ಹೇಳಿದೆ. 2012ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಆತನ ಚಿತ್ರ ಪ್ರಕಟವಾಗಿತ್ತು. ವಯಸ್ಸು 69, ಲಾರಿ ಓಡಿಸಿದ್ದು 28 ವರ್ಷ. ಅಲ್ಲಿ ಚಾಲಕ ಎಡಬದಿಯಲ್ಲಿ ಕುಳಿತುಕೊಳ್ಳುತ್ತಾನೆ. ಕಿಟಕಿಯ ಕಡೆಗಿದ್ದ ಎಡಗೆನ್ನೆ ದಪ್ಪಗಾಗಿ ಜೋತುಬಿದ್ದು ಆಳವಾದ ಸುಕ್ಕುಗಳಿಂದ ತುಂಬಿತ್ತು. ಬಲಗೆನ್ನೆ ಎಷ್ಟೋ ವರ್ಷ ಕಿರಿಯನದ್ದರಂತೆ ಇತ್ತು. ಮುಖ ಒಂದೇ, ಪ್ರಾಯ ಒಂದೇ, ವ್ಯತ್ಯಾಸ ಬಿಸಿಲಿನದ್ದು. ಸೂರ್ಯನ ನೇರಳಾತೀತ ಕಿರಣಗಳಲ್ಲಿ ಚರ್ಮವನ್ನು ಮುಪ್ಪಾಗಿಸುವ ಬಗೆಯದ್ದು ಕಿಟಕಿಯ ಗಾಜನ್ನೂ ದಾಟುತ್ತದೆ.

ಆಸ್ಟ್ರೇಲಿಯಾದ ನಂಬೂರ್ ಎಂಬ ಊರಿನಲ್ಲಿ 55ಕ್ಕಿಂತ ಕಿರಿಯ 903 ಮಂದಿಯ ಚರ್ಮವನ್ನು ನಾಲ್ಕೂವರೆ ವರ್ಷಗಳ ಅಂತರದಲ್ಲಿ ಪರೀಕ್ಷಿಸಿದರು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮದ ಮುಪ್ಪು, ಮನಬಂದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆಯಿತ್ತು. ಎಸ್‌ಪಿಎಫ್ 30 ಇರುವುದು ಸಾಕು. ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಬೇಕು. ನಮಗೆ ಇನ್ನೊಂದು ವಿಷಯವಿದೆ. ಬೆಳಿಗ್ಗೆ ಹಚ್ಚಿದ್ದು ಝುಹರ್‌ನ ವುಝೂಗೆ ಬಹುಪಾಲು ತೊಳೆದುಹೋಗುತ್ತದೆ. ಆದ್ದರಿಂದ ನಮಾಝಿನ ನಂತರ ಮತ್ತೊಮ್ಮೆ ಹಚ್ಚಿಕೊಳ್ಳಿ. ಕೆಲವು ಗಂಟೆಗಳಿಗೊಮ್ಮೆ ಹಚ್ಚಬೇಕೆಂದು ವೈದ್ಯರು ಹೇಳುತ್ತಾರೆ. ವುಝೂ ಅದನ್ನು ನಮಗೆ ನೆನಪಿಸುತ್ತದೆ.

ಇನ್ನು ಮೂವತ್ತು, ನಲವತ್ತರ ಪ್ರಾಯ. ಬಂಗು, ಕಣ್ಣಂಚಿನ ಗೆರೆ ಬರುವ ಕಾಲ. ಬಸಿರು ಮತ್ತು ಕೆಲವು ಗರ್ಭನಿರೋಧಕ ಮಾತ್ರೆಗಳು ಬಂಗನ್ನು ಹೆಚ್ಚಿಸುತ್ತವೆ. ಬಂಗನ್ನು ಹತೋಟಿಯಲ್ಲಿಡಬಹುದು, ಆದರೆ ಬಿಸಿಲಿನ ಎಚ್ಚರ ತಪ್ಪಿದರೆ ಮರಳುತ್ತದೆ. ಸುಕ್ಕಿಗೆ ಹಚ್ಚುವ ಔಷಧಗಳಲ್ಲಿ ಬಹಳ ಪರೀಕ್ಷೆಗೆ ಒಳಗಾದದ್ದು ಟ್ರೆಟಿನಾಯಿನ್. ಅಮೆರಿಕದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಸಂಗಡಿಗರು 1986ರಲ್ಲಿ ಬಿಸಿಲಿನಿಂದ ಮುಪ್ಪಾದ ಚರ್ಮದ ಮೇಲೆ ಅದರ ಪರಿಣಾಮವನ್ನು ತೋರಿಸಿದರು. ವೈದ್ಯರು ಸೂಚಿಸಿದರೆ ಬಟಾಣಿ ಕಾಳಿನಷ್ಟು, ಮೊದಲು ವಾರಕ್ಕೆ ಎರಡು ರಾತ್ರಿ. ಫಲ ಕಾಣಲು ತಿಂಗಳುಗಳು ಬೇಕು. ಮೂರು ವಾರಗಳಲ್ಲಿ ಮುಖ ಬದಲಿಸುವ ಟ್ಯೂಬಿನ ಬಗ್ಗೆ ಅನುಮಾನ ಇರಲಿ. ಮಗು ಬಯಸುವವರು ಅದನ್ನು ಮೊದಲೇ ನಿಲ್ಲಿಸಬೇಕು. ಪೀಲಿಂಗ್ ಮತ್ತು ಲೇಸರ್ ನಮ್ಮ ಕಂದು ಚರ್ಮದಲ್ಲಿ ಕಪ್ಪು ಕಲೆ ಉಳಿಸಬಹುದು. ಬ್ಯೂಟಿ ಪಾರ್ಲರ್‌ನಲ್ಲಿ ಮಾಡಿಸುವ ಕೆಲಸ ಅದಲ್ಲ.

ಐವತ್ತರ ಹೊತ್ತಿಗೆ ಮುಟ್ಟು ನಿಲ್ಲುತ್ತದೆ. ಚರ್ಮವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜನ್‌ನಲ್ಲಿ ಸುಮಾರು ಶೇ. 30ರಷ್ಟು ಅದರ ನಂತರದ ಐದು ವರ್ಷಗಳಲ್ಲೇ ಕಡಿಮೆಯಾಗುತ್ತದೆ. ಹಾಗಾಗಿ "ಒಮ್ಮೆಗೇ ಮುಪ್ಪು ಬಂತು" ಎಂದು ಹೆಂಗಸರು ಹೇಳುವುದು ಭ್ರಮೆಯಲ್ಲ. ಸೋಪು ಕಡಿಮೆ ಮಾಡಿ, ಸ್ನಾನವಾದ ಕೂಡಲೇ ದಪ್ಪ ಮಾಯಿಶ್ಚರೈಸರ್ ಹಚ್ಚಿದರೆ ಒಣಚರ್ಮ, ತುರಿಕೆ ಕಡಿಮೆಯಾಗುತ್ತದೆ.

ಬೊಟಾಕ್ಸ್ ಚುಚ್ಚುಮದ್ದಿನ ಬಗ್ಗೆಯೂ ಈಗ ಪೇಟೆಯಲ್ಲಿ ಮಾತು ಕೇಳುತ್ತೇವೆ. ಕೆನಡಾದ ಕಣ್ಣಿನ ವೈದ್ಯೆ ಜೀನ್ ಕರೂಥರ್ಸ್ ರೆಪ್ಪೆ ಸೆಳೆತಕ್ಕೆ ಕೊಡುತ್ತಿದ್ದ ಮದ್ದಿನಿಂದ ಹುಬ್ಬಿನ ನಡುವಿನ ಗೆರೆಗಳು ಮಾಯವಾದದ್ದನ್ನು ಗಮನಿಸಿದರು. ಅವರು ಮತ್ತು ಅವರ ಪತಿ 1992ರಲ್ಲಿ ಅದನ್ನು ಪ್ರಕಟಿಸಿದರು. ಅದರ ಫಲ ಮೂರ್ನಾಲ್ಕು ತಿಂಗಳು ಮಾತ್ರ, ಆಮೇಲೆ ಮತ್ತೆ ಚುಚ್ಚಬೇಕು. ಕೆನ್ನೆ ತುಂಬಿಸುವ ಫಿಲ್ಲರ್ ತಪ್ಪಿ ರಕ್ತನಾಳಕ್ಕೆ ಹೋದರೆ, ಅಪರೂಪಕ್ಕಾದರೂ, ಕಣ್ಣೇ ಹೋದ ಪ್ರಸಂಗಗಳಿವೆ. ಮದ್ರಸದಲ್ಲಿ ಕಲಿತವಳೆಂದು ಕೆಲವರು ನನ್ನಲ್ಲಿ ಇದರ ವಿಧಿಯನ್ನೂ ಕೇಳುತ್ತಾರೆ. ಫತ್ವಾ ಕೊಡುವ ಯೋಗ್ಯತೆ ನನಗಿಲ್ಲ. ರೋಗ ಅಥವಾ ಗಾಯದ ಕುರೂಪವನ್ನು ಸರಿಪಡಿಸುವುದನ್ನೂ ಬರೀ ಅಂದಕ್ಕಾಗಿ ರೂಪ ಬದಲಿಸುವುದನ್ನೂ ವಿದ್ವಾಂಸರು ಒಂದೇ ಎಂದು ಕಾಣುವುದಿಲ್ಲ ಎಂದಷ್ಟೇ ಹೇಳುತ್ತೇನೆ. ವೈದ್ಯರಿಂದ ಪೂರ್ತಿ ತಿಳಿದುಕೊಂಡು ನಂತರ ವಿದ್ವಾಂಸರನ್ನು ಕೇಳಿ.

ಎಲ್ಲ ಪ್ರಾಯದವರಿಗೂ ಒಂದು ಎಚ್ಚರಿಕೆ. ತಯಾರಕರ ವಿಳಾಸವಿಲ್ಲದ, ಒಳಗೇನಿದೆ ಎಂದು ಬರೆದಿರದ ಕ್ರೀಮನ್ನು, ಗಲ್ಫಿನಿಂದ ಬಂಧುಗಳೇ ಪ್ರೀತಿಯಿಂದ ತಂದುಕೊಟ್ಟರೂ ಹಚ್ಚಬೇಡಿ. ಕೆಲವದರಲ್ಲಿ ಪಾದರಸವಿರುತ್ತದೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರ ನಡುವೆ ಒಂದೇ ಬಗೆಯ ಕಿಡ್ನಿ ರೋಗದ 22 ಪ್ರಕರಣಗಳು ಕಂಡುಬಂದವು. ಅವುಗಳಲ್ಲಿ 15 ಮಂದಿಯಲ್ಲಿ ರೋಗದ ಅಪರೂಪದ ಒಂದು ರೂಪವಿತ್ತು. ವಿಚಾರಿಸಿದಾಗ ಆ 15ರಲ್ಲಿ 13 ಮಂದಿ ಬಿಳಿಯಾಗುವ ಕ್ರೀಮ್ ಹಚ್ಚಿದ್ದರು. ಮುಖಕ್ಕೆ ಹಚ್ಚಿದ್ದು ಕಿಡ್ನಿಯನ್ನು ತಲುಪಿತ್ತು. ಸಹೋದರರೂ ಇದನ್ನು ಓದುತ್ತಿದ್ದರೆ ಒಂದು ಮಾತು: ಸಿಗರೇಟು ಮುಖದ ಸುಕ್ಕನ್ನು ಬೇಗ ತರುತ್ತದೆ. ಅದಕ್ಕೆ ಯಾವ ಕ್ರೀಮೂ ಸಾಟಿಯಲ್ಲ.

ನನ್ನ ಉಮ್ಮನಿಗೆ 74. ಮುಖದ ತುಂಬ ಸುಕ್ಕು. ರಾತ್ರಿ ಮಲಗುವ ಮುನ್ನ ಕೈಕಾಲಿಗೆ ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಾರೆ. ಅವರ ಪ್ರಾಯಕ್ಕೆ ಅದು ಸಾಕು. ವಾಸಿಯಾಗದ ಹುಣ್ಣು, ದೊಡ್ಡದಾಗುವ ಮಚ್ಚೆ ಕಂಡರೆ ಮಾತ್ರ ವೈದ್ಯರಿಗೆ ತೋರಿಸಬೇಕು. ನನ್ನ ಮುಖ ಉರಿಯುತ್ತಿದ್ದ ದಿನಗಳಲ್ಲಿ ಒದ್ದೆ ಬಟ್ಟೆ ಇಡುತ್ತಾ ಅವರು ಹೇಳಿದ್ದರು: "ಬಂಗು ಇದ್ದಾಗಲೂ ನೀನು ನನ್ನ ಮಗಳೇ ಆಗಿದ್ದೆಯಲ್ಲ." ಬೇರೇನೂ ಹೇಳಲಿಲ್ಲ.

ಎಂಟು ಮಂದಿ ಎಂದೆನಲ್ಲ, ಅವರಲ್ಲಿ ಏಳು ಮಂದಿಯನ್ನು ನಾನು ಭೇಟಿಯಾದೆ. ಎಂಟನೆಯವರು ಯಾರೆಂದು ನನಗೆ ತಿಳಿಯದು. ಮದುವೆಯ ಹಾಲ್‌ವೊಂದರಲ್ಲಿ, ಊಟದ ನಂತರ ಕೈ ತೊಳೆಯುವಲ್ಲಿ ಸಿಕ್ಕವರು. ತೊಡೆಯಲ್ಲಿ ಹಸುಗೂಸು ಇತ್ತು, ಕೆನ್ನೆಯಲ್ಲಿ ನನ್ನಂತೆಯೇ ಬಂಗು. ಹೆಸರು ಕೇಳಿದರು. ಮದುವೆ ಕಾಗದದ ಹಿಂಬದಿಯಲ್ಲಿ ನಾನೇ ಬರೆದುಕೊಟ್ಟೆ. ಅವರ ಊರು ಕೇಳಲಿಲ್ಲ, ಹೆಸರೂ ಕೇಳಲಿಲ್ಲ.

ಸಹೋದರೀ, ನೀವು ಈ ಪತ್ರಿಕೆ ಓದುವವರಾಗಿದ್ದರೆ ದಯವಿಟ್ಟು ಆ ಚೀಟಿಯನ್ನು ಹರಿದುಬಿಡಿ. ಈಗಲೂ ಅದನ್ನು ಹಚ್ಚುತ್ತಿದ್ದರೆ ನೀವಾಗಿಯೇ ಒಮ್ಮೆಗೇ ನಿಲ್ಲಿಸಲು ಹೋಗಬೇಡಿ, ಉರಿ ಹೆಚ್ಚಾಗಿ ಮತ್ತೆ ಅದರ ಕಡೆಗೇ ಕೈಹೋಗುತ್ತದೆ. ಟ್ಯೂಬನ್ನು ಹಿಡಿದುಕೊಂಡೇ ಚರ್ಮದ ವೈದ್ಯರ ಬಳಿಗೆ ಹೋಗಿ. ನೀವು ಕೂಡ ಬೇರೆಯವರಿಗೆ ಅದರ ಹೆಸರು ಕೊಟ್ಟಿದ್ದರೆ ಅವರ ಮನೆಗೂ ಹೋಗಿ ಹೇಳಿ. ನನ್ನನ್ನು ಕ್ಷಮಿಸಿ.