ಸೂತ್ರವೂ ವೃತ್ತಿಯೂ

ಕೇಶಿರಾಜನ ಶಬ್ದಮಣಿದರ್ಪಣವನ್ನು ಒಮ್ಮೆಯಾದರೂ ತೆರೆದವರಿಗೆ ಅದರ ಕ್ರಮವು ಪರಿಚಿತವಾಗಿರುವುದು. ಮೊದಲು ಕಂದಪದ್ಯದಲ್ಲಿ ಸೂತ್ರ. ಅದರ ಕೆಳಗೆ ಗದ್ಯದಲ್ಲಿ ವೃತ್ತಿ. ಆಮೇಲೆ ಕವಿಗಳ ಕಾವ್ಯಗಳಿಂದ ಆಯ್ದ ಪ್ರಯೋಗ. ಹದಿಮೂರನೆಯ ಶತಮಾನದ ಈ ವೈಯಾಕರಣನು ಸೂತ್ರಗಳನ್ನು ಮಾತ್ರ ಬರೆದು ಕೈತೊಳೆದುಕೊಂಡಿದ್ದರೆ ಗ್ರಂಥವು ಬಲು ಚಿಕ್ಕದಾಗುತ್ತಿತ್ತು. ಓದುಗನ ಪಾಡು ಬಲು ದೊಡ್ಡದಾಗುತ್ತಿತ್ತು. ಸೂತ್ರವು ನೆನಪಿಗೆ, ವೃತ್ತಿಯು ತಿಳಿವಿಗೆ, ಪ್ರಯೋಗವು ನಂಬಿಕೆಗೆ. ಈ ಮೂರರ ನಂಟು ಮನುಷ್ಯರ ಭಾಷೆಗಷ್ಟೇ ಸೇರಿದುದಲ್ಲ. ಏಳುನೂರು ವರ್ಷಗಳ ತರುವಾಯ, ದೂರದ ಯೂರೋಪಿನಲ್ಲಿ, ಗಣಕಯಂತ್ರಗಳಿಗೆಂದು ಭಾಷೆ ಕಟ್ಟಿದವರೂ ತಾವರಿಯದೆಯೇ ಇದೇ ಕ್ರಮಕ್ಕೆ ಬಂದು ಮುಟ್ಟಿದರು.

ಯಂತ್ರಕ್ಕೆ ತಿಳಿಯುವುದು ಅಂಕಿಗಳ ರೂಪದ ಅತಿ ಸಣ್ಣ ಆಜ್ಞೆಗಳು ಮಾತ್ರ. ಮನುಷ್ಯನಿಗೆ ಅವು ಬಿಡಿಸಲಾರದ ಕಗ್ಗ. ಆದುದರಿಂದ ಇವರಿಬ್ಬರ ನಡುವೆ ಒಬ್ಬ ದುಭಾಷಿ ಬೇಕು. ಮನುಷ್ಯನು ಓದಬಲ್ಲ ಭಾಷೆಯಲ್ಲಿ ಬರೆದುದನ್ನು ಯಂತ್ರದ ಆಜ್ಞೆಗಳಾಗಿ ಮಾರ್ಪಡಿಸುವ ಈ ದುಭಾಷಿಗೆ ಕಂಪೈಲರ್ ಎಂದು ಹೆಸರು. ಅದೂ ಒಂದು ಪ್ರೋಗ್ರಾಮೇ; ಅದನ್ನೂ ಯಾರಾದರೂ ಬರೆಯಲೇಬೇಕು. ಬರೆಯುವವನಿಗೆ ಆ ಭಾಷೆಯಲ್ಲಿ ಯಾವ ವಾಕ್ಯ ಸಾಧು, ಯಾವುದು ಅಸಾಧು ಎಂಬುದು ಸಂದೇಹವಿಲ್ಲದೆ ತಿಳಿದಿರಬೇಕಷ್ಟೆ. ಇದನ್ನು ಬರಿಯ ಮಾತುಗಳಲ್ಲಿ ವಿವರಿಸಹೊರಟರೆ, ಇಬ್ಬರು ಓದಿದಾಗ ಎರಡು ಅರ್ಥ, ಎರಡು ಬಗೆಯ ಕಂಪೈಲರು. ಹಾಗಾಗದಂತೆ, ವ್ಯಾಕರಣವನ್ನು ಹೇಳುವುದಕ್ಕೇ ಮೀಸಲಾದ ಒಂದು ಪುಟ್ಟ ಭಾಷೆ ಬೇಕಾಯಿತು.

ಅಂಥದೊಂದನ್ನು ಮುಂದಿಟ್ಟವರು ಫೋರ್ಟ್ರಾನ್ ಭಾಷೆಯ ನಿರ್ಮಾಪಕರಲ್ಲಿ ಮುಖ್ಯರಾದ ಅಮೆರಿಕದ ಜಾನ್ ಬ್ಯಾಕಸ್. 1959ರಲ್ಲಿ ಪ್ಯಾರಿಸ್ ನಗರದಲ್ಲಿ ಯುನೆಸ್ಕೋ ನೆರವೇರಿಸಿದ ಸಮ್ಮೇಳನಕ್ಕೆ ಅವರು ಬರೆದ ಪ್ರಬಂಧದಲ್ಲಿ ಅದು ಕಾಣಿಸಿಕೊಂಡಿತು. ಮುಂದೆ ಅದು ತಳೆದ ರೂಪದಲ್ಲಿ ಒಂದು ನಿಯಮವನ್ನು ಕನ್ನಡದಲ್ಲಿ ಬರೆದರೆ ಹೀಗಿರುವುದು:

⟨ಸಂಖ್ಯೆ⟩ ::= ⟨ಅಂಕ⟩ | ⟨ಸಂಖ್ಯೆ⟩⟨ಅಂಕ⟩

ಸಂಖ್ಯೆಯೆಂದರೆ ಒಂದು ಅಂಕ. ಇಲ್ಲವೆ, ಒಂದು ಸಂಖ್ಯೆಯ ಮುಂದೆ ಇನ್ನೊಂದು ಅಂಕ. ಗೀಟು ‘ಅಥವಾ’ ಎಂಬುದನ್ನು ಸೂಚಿಸುವುದು. ಒಂದೇ ಸಾಲಿನಲ್ಲಿ 7 ಅಡಗಿತು, 75 ಅಡಗಿತು, ಎಷ್ಟು ಉದ್ದದ ಸಂಖ್ಯೆಯಾದರೂ ಅಡಗಿತು. ಇಂಥ ಬಿಗಿಯನ್ನು ಕಂಡಾಗ ಅಷ್ಟಾಧ್ಯಾಯಿಯು ನೆನಪಾಗದಿರದು. 1967ರಲ್ಲಿ ಇಂಗರ್ಮನ್ ಎಂಬ ವಿದ್ವಾಂಸರು ಗಣಕಶಾಸ್ತ್ರದ ಪತ್ರಿಕೆಯೊಂದಕ್ಕೆ ಕಾಗದ ಬರೆದು, ಇದನ್ನು ಪಾಣಿನಿ-ಬ್ಯಾಕಸ್ ರೂಪವೆಂದು ಕರೆಯುವುದೇ ನ್ಯಾಯವೆಂದು ಸೂಚಿಸಿದ್ದುಂಟು. ಆದರೆ ಬಳಕೆಯಲ್ಲಿ ನಿಂತ ಹೆಸರು ಬ್ಯಾಕಸ್-ನೌರ್ ರೂಪ. ಆ ಎರಡನೆಯ ಹೆಸರಿನ ಹಿಂದೆಯೇ ವೃತ್ತಿಯ ಕಥೆಯಿರುವುದು.

ಪೀಟರ್ ನೌರ್ ಡೆನ್ಮಾರ್ಕಿನವರು. ಮೊದಲು ಖಗೋಳಶಾಸ್ತ್ರವನ್ನು ಓದಿದವರು. ಬ್ಯಾಕಸ್ ಅವರ ಪ್ರಬಂಧವನ್ನು ಗಮನವಿಟ್ಟು ಓದಿದ ಕೆಲವರಲ್ಲಿ ಅವರೊಬ್ಬರು. 1960ರ ಜನವರಿಯಲ್ಲಿ ಆಲ್ಗಾಲ್ ಎಂಬ ಭಾಷೆಯನ್ನು ನಿರ್ಣಯಿಸಲು ಹಲವು ದೇಶಗಳ 13 ಮಂದಿ ಪ್ಯಾರಿಸ್ಸಿನಲ್ಲಿ ಕಲೆತಾಗ, ನೌರ್ ಆ ಚಿಹ್ನೆಗಳನ್ನು ಕೊಂಚ ತಿದ್ದಿ, ಅವುಗಳಲ್ಲಿಯೇ ಬರೆದ ಕರಡನ್ನು ಜೊತೆಗೆ ತಂದಿದ್ದರು. ಅವರ ಸಂಪಾದಕತ್ವದಲ್ಲಿ ಅದೇ ವರ್ಷ ಹೊರಬಿದ್ದ ವರದಿಯ ಕ್ರಮವನ್ನು ನೋಡಿರಿ: ಭಾಷೆಯ ಒಂದೊಂದು ಅಂಗಕ್ಕೂ ಮೊದಲು ರಚನೆಯ ನಿಯಮ, ತರುವಾಯ ಉದಾಹರಣೆಗಳು, ಆಮೇಲೆ ಗದ್ಯದಲ್ಲಿ ಅರ್ಥವಿವರಣೆ. ಸೂತ್ರ, ಪ್ರಯೋಗ, ವೃತ್ತಿ! ನಿಯಮದಲ್ಲಿ ಬಂದ ಹೆಸರುಗಳೇ ವಿವರಣೆಯಲ್ಲಿಯೂ ಬರುವುದರಿಂದ ಓದುಗನು ದಾರಿ ತಪ್ಪುವಂತಿಲ್ಲ.

ಕೆಲವು ವರ್ಷಗಳಲ್ಲಿ ಈ ಪುಟ್ಟ ಭಾಷೆಯು ಬರಿಯ ವರ್ಣನೆಯಾಗಿ ಉಳಿಯದೆ ಉಪಕರಣವೇ ಆಯಿತು. ಬೆಲ್ ಪ್ರಯೋಗಶಾಲೆಯ ಸ್ಟೀಫನ್ ಜಾನ್ಸನ್ ರಚಿಸಿ, 1975ರ ವರದಿಯೊಂದರಲ್ಲಿ ವಿವರಿಸಿದ ‘ಯಾಕ್’ ಎಂಬ ಪ್ರೋಗ್ರಾಮಿಗೆ ವ್ಯಾಕರಣದ ನಿಯಮಗಳನ್ನು ಕೊಟ್ಟು, ಒಂದೊಂದು ನಿಯಮದ ಪಕ್ಕದಲ್ಲಿ ಮಾಡತಕ್ಕ ಕೆಲಸವನ್ನು ಬರೆದರೆ, ವಾಕ್ಯಗಳನ್ನು ಬಿಡಿಸಿ ನೋಡುವ ಕಂಪೈಲರಿನ ಭಾಗವನ್ನು ಅದೇ ರಚಿಸಿಕೊಡುವುದು. ‘ಮತ್ತೂ ಒಂದು ಕಂಪೈಲರ್-ಕಂಪೈಲರ್’ ಎಂಬ ಅರ್ಥದ ಇಂಗ್ಲಿಷ್ ಮಾತುಗಳ ಮೊದಲಕ್ಷರಗಳಿಂದ ಆದ ಈ ಹೆಸರು ಕನ್ನಡದ ಕಿವಿಗೆ ಪ್ರಶ್ನೆಯಾಗಿಯೇ ಕೇಳಿಸುವುದು. ಆ ಪ್ರಶ್ನೆ ಅಸ್ಥಾನದ್ದೇನೂ ಅಲ್ಲ.

ಮನೆಯ ಯಜಮಾನನು ಆಳಿಗೆ ಹೀಗೆ ಹೇಳಿದನೆನ್ನೋಣ: “ಮಳೆ ಬಂದರೆ, ಕೊಡೆಯಿದ್ದರೆ ಹೊರಡು, ಇಲ್ಲದಿದ್ದರೆ ಮನೆಯಲ್ಲಿರು.” ಇಲ್ಲದಿದ್ದರೆ ಎಂದರೆ ಮಳೆಯಿಲ್ಲದಿದ್ದರೋ, ಕೊಡೆಯಿಲ್ಲದಿದ್ದರೋ? ಆಳಿಗೆ ಲೋಕಜ್ಞಾನವುಂಟು, ಯಂತ್ರಕ್ಕೆ ಇಲ್ಲ. ನಿಯಮಗಳು ಎರಡು ಅರ್ಥಗಳಿಗೂ ಎಡೆಗೊಟ್ಟಾಗ ಯಾಕ್ ಎಚ್ಚರಿಕೆ ಕೊಟ್ಟು, ಬೇರೆ ಕಟ್ಟಳೆಯಿಲ್ಲದಿದ್ದರೆ ‘ಇಲ್ಲದಿದ್ದರೆ’ಯನ್ನು ಹತ್ತಿರದ ‘ಇದ್ದರೆ’ಗೆ ಸೇರಿಸುವುದು. ಈ ನಿರ್ಣಯವು ವ್ಯಾಕರಣದ ಸಾಲುಗಳಲ್ಲಿ ಎಲ್ಲಿಯೂ ಬರೆದಿರುವುದಿಲ್ಲ. ಜಾನ್ಸನ್ನರ ವಿವರಣೆಯಲ್ಲಿ ಇರುವುದು. ವಿವರಣೆಯನ್ನು ಓದದೆ ನಿಯಮಗಳನ್ನಷ್ಟೇ ನಂಬಿದವನ ಪ್ರೋಗ್ರಾಮು ಅವನೆಣಿಸಿದ ಹಾದಿಯಲ್ಲಿ ನಡೆಯದೆ ಹೋಗಬಹುದು. ಸೂತ್ರದಲ್ಲಿ ಸಂದೇಹ ಹುಟ್ಟಿದರೆ ಸೂತ್ರವನ್ನು ಬಿಸುಡಬಾರದು, ವ್ಯಾಖ್ಯಾನದಿಂದ ನಿರ್ಣಯಿಸಿಕೊಳ್ಳಬೇಕೆಂದು ನಮ್ಮ ವೈಯಾಕರಣರು ಹೇಳಿದುದರ ಮರ್ಮವೂ ಇದೇ.

ಹಾಗಾದರೆ ವೃತ್ತಿಯೊಂದಿದ್ದರೆ ಸಾಕೆ? ಸಾಲದೆಂದು ಹೇಳಿದವರು ಬೇರೆ ಯಾರೂ ಅಲ್ಲ, ನೌರ್ ಅವರೇ. 1985ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಅವರು ಒಂದು ಕಂಪೈಲರಿನ ಕಥೆಯನ್ನು ಹೇಳುವರು. ಒಂದು ತಂಡವು ಅದನ್ನು ಸೊಗಸಾಗಿ ಕಟ್ಟಿತ್ತು. ಭಾಷೆಗೆ ಕೆಲವು ಹೊಸ ಅಂಗಗಳನ್ನು ಸೇರಿಸಬೇಕಾಗಿ ಎರಡನೆಯ ತಂಡವು ಅದನ್ನು ಕೈಗೆತ್ತಿಕೊಂಡಿತು. ಮೊದಲಿನವರು ಟಿಪ್ಪಣಿಗಳೊಡನೆ ಪ್ರೋಗ್ರಾಮಿನ ಪೂರ್ಣಪಾಠವನ್ನೂ ದೀರ್ಘ ವಿವರಣೆಗಳನ್ನೂ ಕೊಟ್ಟಿದ್ದರು. ಎರಡನೆಯವರು ಸಮರ್ಥರೇ. ಆದರೂ ಅವರು ಸೂಚಿಸಿದ ಮಾರ್ಪಾಡುಗಳು ಹಲವು ಕಡೆ ಹಚ್ಚಡಕ್ಕೆ ಹಾಕಿದ ತೇಪೆಗಳಂತಿದ್ದುವು. ಕಟ್ಟಡದ ಸರಳತೆಯನ್ನೇ ಕೆಡಿಸುವಂತಿದ್ದುವು. ಮೊದಲಿನವರು ಅದನ್ನು ಕಂಡೊಡನೆ ಗುರುತಿಸಿ, ಇದ್ದ ರಚನೆಯೊಳಗೇ ಸುಲಭವಾದ ಉಪಾಯವನ್ನು ತೋರಿಸಿದರು. ಮುಂದೆ ಅವರ ಮಾರ್ಗದರ್ಶನವೂ ತಪ್ಪಿತು. ಸುಮಾರು ಹತ್ತು ವರ್ಷಗಳ ಬಳಿಕ ನೋಡಿದಾಗ ಹಳೆಯ ರಚನೆಯು ಕಣ್ಣಿಗೆ ಕಾಣುತ್ತಿತ್ತು. ಆದರೆ ಮೇಲೆ ಬೆಳೆದ ಆಕಾರವಿಲ್ಲದ ಸೇರ್ಪಡೆಗಳಿಂದ ಅದು ನಿಷ್ಪ್ರಯೋಜಕವಾಗಿತ್ತು.

ಏನು ಕಳೆದುಹೋಗಿತ್ತು? ಕಾಗದವಂತೂ ಅಲ್ಲ. ಏಕೆ ಹೀಗೆ ಕಟ್ಟಿದೆವು, ಬೇರೆ ವಿಧವಾಗಿ ಏಕೆ ಕಟ್ಟಲಿಲ್ಲ ಎಂಬ ತಿಳಿವು ಕಟ್ಟಿದವರ ಮನಸ್ಸಿನಲ್ಲಿತ್ತು. ಅದನ್ನು ಪೂರ್ತಿಯಾಗಿ ಬರೆದಿಡಲಾಗದೆಂಬುದು ನೌರ್ ಅವರ ಅಭಿಪ್ರಾಯ. ಬರೆವಣಿಗೆಯನ್ನೂ ವಾದ್ಯ ನುಡಿಸುವುದನ್ನೂ ಕಲಿಯುವಂತೆ, ಬಲ್ಲವರ ಬಳಿ ಇದ್ದು ಕೆಲಸ ಮಾಡಿಯೇ ಅದನ್ನು ಪಡೆಯಬೇಕೆಂದು ಅವರು ಹೇಳಿದರು. ವೀಣೆಯ ಪಾಠವನ್ನು ಪುಸ್ತಕದಿಂದಲೇ ಕಲಿಯುವೆನೆಂದು ಹೊರಟವರನ್ನು ಕಂಡ ಮನೆಗಳಿಗೆ ಇದು ಹೊಸ ಮಾತಲ್ಲ.

ವರದಿಯ ಕ್ರಮದಿಂದಲೇ ಹೆಸರಾದವರು ವರದಿಯ ಮಿತಿಯನ್ನೂ ಹೇಳಿದರೆಂಬುದು ಅವರ ಹಿರಿಮೆ. ಅದರಿಂದ ಬರೆಯುವವನ ಹೊಣೆಯು ಕಡಿಮೆಯಾಗುವುದಿಲ್ಲ. ಗುರುವು ಎಲ್ಲರಿಗೂ ಎಲ್ಲ ಕಾಲಕ್ಕೂ ದೊರೆಯನು. ಕೇಶಿರಾಜನ ಪಕ್ಕದಲ್ಲಿ ಕುಳಿತು ಕಲಿತವರು ಇಂದು ಯಾರೂ ಇಲ್ಲ. ಉಳಿದಿರುವುದು ಅವನು ಬೇಸರಪಡದೆ ಬರೆದಿಟ್ಟ ವೃತ್ತಿ.