ವೋಲ್ಟೇಜ್ ಇಲ್ಲದ ಕರೆಂಟ್

ಮಳೆ ಬಂದರೆ ನಮ್ಮ ದೊಡ್ಡನೆಕ್ಕುಂದಿಯಲ್ಲಿ ಕರೆಂಟ್ ಹೋಗುತ್ತೆ ಅನ್ನೋದು ಹೊಸ ಸುದ್ದಿಯಲ್ಲ. 2025ರ ಅಕ್ಟೋಬರ್‌ನ ಒಂದು ಸಂಜೆಯೂ ಹೋಯಿತು. ಊರಿಂದ ಬಂದಿದ್ದ ಅಪ್ಪ ಬಾಲ್ಕನಿಯಲ್ಲಿ ಕೂತಿದ್ದರು. ಅವರು ರಿಟೈರ್ಡ್ ಲೈನ್‌ಮ್ಯಾನ್. ನಾನು ಮೊಬೈಲ್‌ನಲ್ಲಿ ಫಿಸಿಕ್ಸ್ ನೊಬೆಲ್ ಸುದ್ದಿ ಓದುತ್ತಿದ್ದೆ. ಕ್ಲಾರ್ಕ್, ಡೆವೊರೆ, ಮಾರ್ಟಿನಿಸ್ ಮೂವರಿಗೂ ಅದು ಸಿಕ್ಕಿದ್ದು ಜೋಸೆಫ್ಸನ್ ಜಂಕ್ಷನ್ ಇಟ್ಟುಕೊಂಡು ಮಾಡಿದ ಪ್ರಯೋಗಕ್ಕೆ.

"ಏನೋ ಅದು?"

"ಎರಡು ಸೂಪರ್‌ಕಂಡಕ್ಟರ್, ಮಧ್ಯೆ ಬೇರೆ ಪದಾರ್ಥದ ತೆಳು ಪದರ. ಅದನ್ನ ದಾಟಿ ಕರೆಂಟ್ ಹರಿಯುತ್ತೆ, ವೋಲ್ಟೇಜ್ ಸೊನ್ನೆ ಇದ್ರೂ! 1962ರಲ್ಲೇ ಜೋಸೆಫ್ಸನ್ ಅನ್ನೋ 22 ವರ್ಷದ ಹುಡುಗ ಲೆಕ್ಕ ಹಾಕಿ ಹೇಳಿದ್ದ."

ಅಪ್ಪನ ಮುಖ ಸಪ್ಪಗಾಯಿತು. ಕಾರಣ ನನಗೆ ಗೊತ್ತಿತ್ತು. ನಾನು ಆರನೇ ಕ್ಲಾಸಲ್ಲಿದ್ದಾಗ ಅವರ ಜೊತೆಗಾರರೊಬ್ಬರು ಎಲ್‌ಸಿ ತಗೊಂಡೇ ಕಂಬ ಹತ್ತಿದ್ದರು. ಲೈನ್ ಆಫ್ ಆಗಿತ್ತು. ಆದರೆ ಯಾರದೋ ಜನರೇಟರ್‌ನಿಂದ ಸಪ್ಲೈ ಹಿಂದಕ್ಕೆ ಬಂತು. ಅವರನ್ನು ಹಗ್ಗ ಕಟ್ಟಿ ಇಳಿಸಿದವರಲ್ಲಿ ಅಪ್ಪನೂ ಒಬ್ಬರು.

"ಇದು ಹಾಗಲ್ಲ ಅಪ್ಪ. ಅವತ್ತು ವೋಲ್ಟೇಜ್ ಇತ್ತು, ಯಾರಿಗೂ ಗೊತ್ತಿರಲಿಲ್ಲ ಅಷ್ಟೆ. ಇಲ್ಲಿ ನಿಜಕ್ಕೂ ಇರಲ್ಲ."

ಸೂಪರ್‌ಕಂಡಕ್ಟರ್‌ನಲ್ಲಿ ಎಲೆಕ್ಟ್ರಾನ್‌ಗಳು ಜೋಡಿಯಾಗಿ ಓಡಾಡುತ್ತವೆ, ಪ್ರತಿರೋಧವಿಲ್ಲ, ವೈರ್ ಬಿಸಿಯಾಗಲ್ಲ. ಇಷ್ಟು ಹೇಳಿ, ನನಗೆ ನಿಜವಾಗಿ ಇಷ್ಟವಾದ ಭಾಗಕ್ಕೆ ಬಂದೆ. ಮಧ್ಯದ ಪದರದ ಬದಲು ಸೆಮಿಕಂಡಕ್ಟರ್ ಇಟ್ಟರೆ? 2005ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಂಡ ಕೂದಲಿಗಿಂತ ಸುಮಾರು ಸಾವಿರ ಪಟ್ಟು ತೆಳುವಾದ ಇಂಡಿಯಂ ಆರ್ಸೆನೈಡ್ ತಂತಿಯನ್ನು ಎರಡು ಅಲ್ಯೂಮಿನಿಯಂ ತುದಿಗಳ ನಡುವೆ ಇಟ್ಟು, ಮೈನಸ್ 273 ಡಿಗ್ರಿ ಹತ್ತಿರಕ್ಕೆ ತಣ್ಣಗೆ ಮಾಡಿತು. ತಂತಿಯೊಳಗಿನ ಎಲೆಕ್ಟ್ರಾನ್ ಒಂದು ಅಂಚಿಗೆ ಬಂದು ಹೋಲ್ ಆಗಿ ವಾಪಸ್ ಹೋಗುತ್ತೆ, ಆ ಹೋಲ್ ಇನ್ನೊಂದು ಅಂಚಿನಲ್ಲಿ ಮತ್ತೆ ಎಲೆಕ್ಟ್ರಾನ್ ಆಗುತ್ತೆ. ಪ್ರತಿ ಸುತ್ತಿಗೂ ಒಂದು ಜೋಡಿ ಆಚೆ ದಡ ಸೇರುತ್ತೆ. ಇಂಥ ವಾಪಸಾತಿಯನ್ನೇ ನಮ್ಮ ಐಐಎಸ್‌ಸಿಯ ಅನಿಂದ್ಯ ದಾಸ್ ಅವರ ತಂಡ ಒಂದೇ ಪರಮಾಣು ದಪ್ಪದ ಗ್ರಾಫೀನ್‌ಗೆ ಸೂಪರ್‌ಕಂಡಕ್ಟರ್ ಜೋಡಿಸಿ ನೋಡಿತ್ತು, 2018ರಲ್ಲಿ. (ಹೋಲ್ ಅನ್ನೋದನ್ನ ನಾನು ಬಿಇಯಲ್ಲಿ ಪರೀಕ್ಷೆಗೆ ಬರೆದು ಮರೆತಿದ್ದೆ.)

"ಎಷ್ಟು ಆಂಪ್ಸ್?"

"ಒಂದು ಆಂಪ್‌ನಲ್ಲಿ ಕೋಟಿಗೊಂದು ಪಾಲು."

"ಟೆಸ್ಟರೂ ಉರಿಯಲ್ವಲ್ಲೋ!" ಅಪ್ಪ ನಕ್ಕರು.

"ಒಂದು ಮಿತಿ ದಾಟಿದ್ರೆ ವೋಲ್ಟೇಜ್ ಕಾಣಿಸ್ಕೊಳ್ಳುತ್ತೆ, ಪ್ರತಿರೋಧ ವಾಪಸ್."

"ಫ್ಯೂಸ್ ಅನ್ನು."

ನಾನು ಹತ್ತು ನಿಮಿಷ ಹುಡುಕುತ್ತಿದ್ದ ಹೋಲಿಕೆ! ಆದರೆ ಇದು ಸುಡದ ಫ್ಯೂಸ್. ಪಕ್ಕದ ಗೇಟ್‌ಗೆ ಕೊಡುವ ವೋಲ್ಟೇಜ್ ಬದಲಿಸಿದರೆ ಫ್ಯೂಸ್‌ನ ರೇಟಿಂಗೇ ಬದಲಾಗುತ್ತೆ, ಸೊನ್ನೆಗೂ ಇಳಿಸಬಹುದು. ಇದೇ ಗುಣ ಬಳಸಿ 2015ರಲ್ಲಿ ಕೋಪನ್‌ಹೇಗನ್ ಮತ್ತು ಡೆಲ್ಫ್ಟ್ ತಂಡಗಳು ಕ್ವಾಂಟಮ್ ಕಂಪ್ಯೂಟರ್‌ಗೆ ಬೇಕಾದ ಕ್ಯೂಬಿಟ್ ಮಾಡಿದವು.

ಅಪ್ಪನಿಗೆ ಕ್ಯೂಬಿಟ್ ಬೇಕಿರಲಿಲ್ಲ.

"ಸೊನ್ನೆ ಮಾಡಿದ್ಮೇಲೆ ಹಿಂದಿನಿಂದ ಬರಲ್ವಾ?"

"ಇಲ್ಲ ಅಪ್ಪ. ಆ ಜೋಡಿಗಳು ಎರಡೂ ಕಡೆಯಿಂದ ನಿಲ್ತವೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೆಳಗೆ ಅಪಾರ್ಟ್‌ಮೆಂಟಿನ ಜನರೇಟರ್ ಶುರುವಾಗಿ ಲೈಟ್ ಬಂತು. ಅಪ್ಪ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಎಲ್ಲಿಗೆ?"

"ಇವ್ರು ಚೇಂಜ್‌ಓವರ್ ಸ್ವಿಚ್ ಸರಿಯಾಗಿ ಹಾಕಿದಾರಾ ನೋಡ್ಕೊಂಡು ಬರ್ತೀನಿ."