ಎಸ್.ಎಂ.ಪಿ. ನಂಬರಿನ ಪಿಸ್ತೂಲು

ಸರ್ಕಾರಿ ಕಚೇರಿಯ ಕುರ್ಚಿ ನೋಡಿದ್ದೀರಲ್ಲ? ಬೆನ್ನಿಗೆ ಬಿಳಿ ಬಣ್ಣದಲ್ಲಿ ಇಲಾಖೆಯ ಹೆಸರು, ಕೆಳಗೊಂದು ನಂಬರು. ಕಾಲು ಮುರಿದು ಮೂಲೆ ಸೇರಿದರೂ ನಂಬರು ಮಾತ್ರ ಅಳಿಯುವುದಿಲ್ಲ. ಹಳೇ ಶಾಂಘೈ ಪೊಲೀಸರ ಪಿಸ್ತೂಲುಗಳ ಹಿಂದೆ ಬಿದ್ದ ಸಂಗ್ರಾಹಕರ ಹುಚ್ಚೂ ಹೆಚ್ಚುಕಡಿಮೆ ಇಂಥದೇ. ಅವರು ಬೆಲೆ ಕಟ್ಟುವುದು ಪಿಸ್ತೂಲಿಗಿಂತ ಅದರ ಮೈಮೇಲಿನ ನಂಬರಿಗೆ.

ಪಿಸ್ತೂಲೇನೋ ಊರಿಗೆಲ್ಲ ಪರಿಚಿತ. ಜಾನ್ ಬ್ರೌನಿಂಗ್ ರೂಪಿಸಿದ್ದು, ಅಮೆರಿಕದ ಹಾರ್ಟ್‌ಫರ್ಡ್‌ನ ಕೋಲ್ಟ್ ಕಾರ್ಖಾನೆಯಲ್ಲಿ ಮಾಡಿದ್ದು, 1908ರ ಮಾದರಿ, .380 ಬೋರು. ಜೇಬಿಗೆ ಇಳಿಯುವಷ್ಟು ಚಪ್ಪಟೆ. ಇಂಥವು ಲಕ್ಷಕ್ಕೂ ಮೀರಿ ತಯಾರಾದವು. ಆದರೆ ಯಾವುದಾದರೊಂದರ ಮೇಲೆ ‘ಎಸ್.ಎಂ.ಪಿ.’ ಎಂಬ ರೋಮನ್ ಅಕ್ಷರಗಳೂ ಪಕ್ಕದಲ್ಲೊಂದು ನಂಬರೂ ಕಂಡವೋ, ಸಂಗ್ರಾಹಕನ ಕಣ್ಣು ಹೊಳೆಯುತ್ತದೆ. ಅದು ಶಾಂಘೈ ಮುನಿಸಿಪಲ್ ಪೊಲೀಸರ ಸ್ವತ್ತು.

ಈ ಮುನಿಸಿಪಾಲಿಟಿಯದೇ ಒಂದು ವಿಚಿತ್ರ ಕಥೆ. ಅಫೀಮು ಯುದ್ಧದಲ್ಲಿ ಸೋತ ಚೀನಾ 1842ರ ಒಪ್ಪಂದದಲ್ಲಿ ಶಾಂಘೈ ಬಂದರನ್ನು ವಿದೇಶಿ ವರ್ತಕರಿಗೆ ತೆರೆಯಬೇಕಾಯಿತು. ಬಂದ ವರ್ತಕರು 1854ರಲ್ಲಿ ತಮ್ಮದೇ ಕೌನ್ಸಿಲ್, ತಮ್ಮದೇ ಪೊಲೀಸು ಮಾಡಿಕೊಂಡರು. ಪಕ್ಕದಲ್ಲೇ ಫ್ರೆಂಚರ ವಸಾಹತು, ಅದರ ಪೊಲೀಸು ಬೇರೆ. ಆಚೆ ಚೀನೀ ಆಡಳಿತದ ನಗರ, ಅಲ್ಲಿಯದು ಮತ್ತೂ ಬೇರೆ. ಕಳ್ಳ ರಸ್ತೆ ದಾಟಿದರೆ ಸಾಕು, ಬೆನ್ನಟ್ಟಿದವನ ಅಧಿಕಾರ ಮುಗಿಯಿತು. ಊರಿನಲ್ಲಿ ಬಹುಪಾಲು ಜನ ಚೀನೀಯರೇ ಆದರೂ ಕೌನ್ಸಿಲ್ಲಿನಲ್ಲಿ ಅವರಿಗೆ ಕುರ್ಚಿ ಸಿಕ್ಕಿದ್ದು 1928ರಲ್ಲಿ! ಕಾವಲಿಗೆ ಮಾತ್ರ ಪಂಜಾಬಿನಿಂದ ಸಿಖ್ಖರು ಬಂದರು. ಹಳೇ ಶಾಂಘೈಯ ಫೋಟೋಗಳಲ್ಲಿ ನಡುಬೀದಿಯಲ್ಲಿ ಮುಂಡಾಸು ಕಟ್ಟಿ ನಿಂತವರು ನಮ್ಮವರೇ. 1925ರ ಮೇ 30ರಂದು ಇದೇ ಪೊಲೀಸರು ಲೌಜಾ ಠಾಣೆಯ ಮುಂದೆ ವಿದ್ಯಾರ್ಥಿಗಳ ಗುಂಪಿನ ಮೇಲೆ ಗುಂಡು ಹಾರಿಸಿದರು. ಚೀನಾ ಪೂರ್ತಿ ಮುಷ್ಕರಗಳಿಂದ ಹೊತ್ತಿಕೊಂಡಿತು. ಹಾಗಾಗಿ ಆ ಮೂರಕ್ಷರವನ್ನು ಮುದ್ದಾಡುವವರ ಜೊತೆ ನನಗೆ ಕೊಂಚ ತಕರಾರಿದೆ.

ಇರಲಿ. ಫೇರ್‌ಬೇರ್ನ್ ಎಂಬಾತ 1907ರಲ್ಲಿ ಈ ಪಡೆ ಸೇರಿದ. ಗಲ್ಲಿಯ ಗುಂಡಿನ ಕಾಳಗದಲ್ಲಿ ಯಾರೂ ಗುರಿಯಿಟ್ಟು ನಿಲ್ಲುವುದಿಲ್ಲ, ಕತ್ತಲಲ್ಲಿ, ಗಾಬರಿಯಲ್ಲಿ, ಎರಡು ಮಾರು ದೂರದಿಂದ ಹೊಡೆಯುತ್ತಾರೆ ಎಂಬುದನ್ನು ಕಂಡುಕೊಂಡು ತರಬೇತಿಯನ್ನೇ ಬದಲಿಸಿದ. ಸೈಕ್ಸ್ ಎಂಬುವನೊಂದಿಗೆ 1942ರಲ್ಲಿ ‘ಶೂಟಿಂಗ್ ಟು ಲಿವ್’ ಎಂಬ ಪುಸ್ತಕ ಬರೆದ. ಅವನ ಅಪ್ಪಣೆಯೊಂದು ಈಗ ಸಂಗ್ರಾಹಕರ ಕೈದೀಪ: ಪಿಸ್ತೂಲಿನ ಬದಿಯ ಸೇಫ್ಟಿ ಕೀಲಿಯನ್ನು ಪಿನ್ನು ಹೊಡೆದು ಅಲ್ಲಾಡದಂತೆ ಮಾಡಿಬಿಡಿ. ಗಾಬರಿಯಾದ ಪೇದೆ ಅದನ್ನು ಸರಿಸಲು ಮರೆತರೆ ಹೆಣವಾಗುತ್ತಾನೆ. ಬದಲಿಗೆ ನಳಿಗೆಯ ಬುಡ ಖಾಲಿ ಇರಲಿ, ಮ್ಯಾಗಜೀನು ತುಂಬಿರಲಿ. ಹೊರಗೆಳೆದೊಡನೆ ಸ್ಲೈಡ್ ಜಗ್ಗಿದರೆ ಆಯಿತು.

ಹಾಗಾಗಿ ಅಸಲು ಎಸ್.ಎಂ.ಪಿ. ಪಿಸ್ತೂಲನ್ನು ತಿರುಗಿಸಿ ನೋಡುವವರು ಮೊದಲು ಸೇಫ್ಟಿಯ ಬಳಿ ಆ ಪಿನ್ನನ್ನು ಹುಡುಕುತ್ತಾರೆ. ಆಮೇಲೆ ಹಿಡಿಯ ಬುಡದಲ್ಲಿ ದಾರ ಕಟ್ಟುವ ಬಳೆ. ಆಮೇಲೆ ಒರೆಗೆ ಉಜ್ಜಿ ಉಜ್ಜಿ ಅಂಚಿನ ನೀಲಿ ಹೋಗಿರಬೇಕು. ಅಕ್ಷರಗಳ ಅಂಚೂ ಅಷ್ಟೇ ಸವೆದಿರಬೇಕು. ಮಿಕ್ಕೆಲ್ಲ ಮುದಿಯಾಗಿ ಅಕ್ಷರ ಮಾತ್ರ ಚೂಪಾಗಿ ಹೊಳೆದರೆ ಅದು ಮೊನ್ನೆ ಮೊನ್ನೆ ಸುತ್ತಿಗೆ ಏಟು ತಿಂದದ್ದು. ಮೂರಕ್ಷರ ಹೊಡೆಯಲು ಎಷ್ಟು ಹೊತ್ತು ಬೇಕು? ಕೊನೆಗೆ ಹಣ ಕಟ್ಟಿ ಕೋಲ್ಟ್ ಕಂಪನಿಗೇ ಬರೆದರೆ, ಹಳೇ ಖಾತೆ ನೋಡಿ ಆ ಸೀರಿಯಲ್ ನಂಬರಿನದು ಯಾವಾಗ ಯಾರಿಗೆ ಹೋಯಿತೆಂದು ಪತ್ರ ಕೊಡುತ್ತಾರೆ. ಗುಮಾಸ್ತನ ಬರಹವೇ ಕೊನೆಯ ತೀರ್ಪು.

ಇಷ್ಟಾಗಿಯೂ, ನನ್ನ ಮನಸ್ಸು ಓಡುವುದು ಈ ಶುದ್ಧ ವಂಶದವುಗಳ ಕಡೆಗಲ್ಲ. ಚೀನಾದ ಸೇನಾಧಿಪತಿಗಳು ಒಬ್ಬರ ಮೇಲೊಬ್ಬರು ಬಿದ್ದಿದ್ದ ಆ ಕಾಲದಲ್ಲಿ, 1919ರಿಂದ 1929ರವರೆಗೆ ಹಲವು ದೇಶಗಳು ಅಲ್ಲಿಗೆ ಶಸ್ತ್ರ ಮಾರಬಾರದೆಂದು ಒಪ್ಪಂದ ಮಾಡಿಕೊಂಡಿದ್ದವು. ಗಿರಾಕಿ ಸುಮ್ಮನಿರುತ್ತಾನೆಯೇ? ಸಣ್ಣಪುಟ್ಟ ಕಮ್ಮಾರಸಾಲೆಗಳಲ್ಲಿ ಅರದಿಂದ ಉಜ್ಜಿ ಬ್ರೌನಿಂಗ್ 1900 ಮಾದರಿಯ ನಕಲು ಮಾಡಿದರು. ರೋಮನ್ ಲಿಪಿ ಓದಲು ಬಾರದ ಕುಶಲಕರ್ಮಿ ಅಸಲಿನ ಮೇಲಿದ್ದ ಕಂಪನಿಯ ಹೆಸರನ್ನೂ ಕೆತ್ತಿದ. ‘ಎನ್’ ಹಿಂದುಮುಂದಾಯಿತು, ಅಕ್ಷರಗಳು ಸಾಲಾಗಿ ನಿಂತವು, ಅರ್ಥ ಮಾತ್ರ ಬರಲಿಲ್ಲ. ಅಂಥದರಲ್ಲಿ ಗುಂಡು ಹಾರಿಸುವುದು ಗುರಿಗಿಂತ ಹಾರಿಸುವವನಿಗೇ ಅಪಾಯ. ಆದರೂ ಆಯ್ಕೆ ಕೊಟ್ಟರೆ ಎಸ್.ಎಂ.ಪಿ. ಬೇಡ, ಆ ತಿರುಗುಮುರುಗು ‘ಎನ್’ನದೇ ಇರಲಿ ಎನ್ನುತ್ತೇನೆ. ನಮ್ಮಲ್ಲಿ ಲೈಸೆನ್ಸ್ ಇದ್ದವನಿಗೂ 2019ರ ತಿದ್ದುಪಡಿಯ ಪ್ರಕಾರ ಎರಡೇ ಕೋವಿ. ನನ್ನ ಬಳಿ ಆ ಲೈಸೆನ್ಸೂ ಇಲ್ಲ. ಆದ್ದರಿಂದ ಆಯ್ಕೆ ಮಾಡಲು ಖರ್ಚೂ ಇಲ್ಲ.